ಟಾರ್ಮ್ಯಾಕ್ ರ‍್ಯಾಲಿಯಲ್ಲಿ ಸಿ5 ಕೊರ್ವೆಟ್ ಝೆಡ್06: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಷೆವ್ರೊಲೆ ಕೊರ್ವೆಟ್‌ನ ಐದನೇ ತಲೆಮಾರಿನ (ಸಿ5) ಝೆಡ್06 ತಯಾರಾದದ್ದು 2001ರಿಂದ 2004ರವರೆಗೆ. 5.7 ಲೀಟರಿನ ಎಲ್‌ಎಸ್6 ವಿ8 ಇಂಜಿನ್, ಮೊದಲ ವರ್ಷ 385 ಅಶ್ವಶಕ್ತಿ, 2002ರಿಂದ 405. ತೂಕ ಸುಮಾರು 1,410 ಕೆ.ಜಿ. ಇಂಜಿನ್ ಮುಂದಿದ್ದರೆ ಗೇರ್‌ಬಾಕ್ಸ್ ಹಿಂದೆ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಅಂಟಿಕೊಂಡಿದೆ. ಎರಡನ್ನೂ ಉದ್ದನೆಯ ಟಾರ್ಕ್ ಟ್ಯೂಬ್ ಜೋಡಿಸುತ್ತದೆ. ತೂಕ ಮುಂದೆ ಹಿಂದೆ ಬಹುತೇಕ ಸಮನಾಗಿ ಹಂಚಿಹೋಗುವುದಕ್ಕೆ ಇದೇ ಕಾರಣ. ಕೆಲವು ರಿಪೇರಿಗಳಿಗೆ ಕಾರಿನ ಹಿಂಭಾಗವನ್ನೇ ಇಳಿಸಬೇಕಾಗುವುದಕ್ಕೂ ಇದೇ ಕಾರಣ.

ಟಾರ್ಮ್ಯಾಕ್ ರ‍್ಯಾಲಿ ಎಂದರೆ ಸಾಮಾನ್ಯ ಡಾಂಬರು ರಸ್ತೆಯನ್ನು ಕೆಲ ಹೊತ್ತು ಮುಚ್ಚಿಸಿ, ಕಾರುಗಳನ್ನು ಒಂದೊಂದಾಗಿ ಬಿಟ್ಟು, ಯಾರು ಎಷ್ಟು ಹೊತ್ತಿನಲ್ಲಿ ಮುಗಿಸಿದರು ಎಂದು ನೋಡುವ ಸ್ಪರ್ಧೆ. ಆಸ್ಟ್ರೇಲಿಯಾದಲ್ಲಿ 1992ರಲ್ಲಿ ಶುರುವಾದ ಟಾರ್ಗಾ ಟಾಸ್ಮೇನಿಯಾ, ಕೆನಡಾದಲ್ಲಿ 2002ರಲ್ಲಿ ಶುರುವಾದ ಟಾರ್ಗಾ ನ್ಯೂಫೌಂಡ್‌ಲ್ಯಾಂಡ್ ಈ ಬಗೆಯವು. ಸರ್ಕ್ಯೂಟ್‌ಗೆ ಹೇಳಿ ಮಾಡಿಸಿದಂತಿರುವ ಝೆಡ್06 ಇಂಥ ರಸ್ತೆಗೆ ಬಂದಾಗ ತೊಂದರೆಗಳ ಸ್ವರೂಪ ಬದಲಾಗುತ್ತದೆ. ಉಬ್ಬುತಗ್ಗು, ಉದುರಿದ ಎಲೆ, ತಿರುವಿನ ಒಳಗಿಂದ ಚಿಮ್ಮಿಬಂದ ಜಲ್ಲಿ, ಒಂದು ಸ್ಟೇಜಿನ (ಹೀಗೆ ಮುಚ್ಚಿದ ರಸ್ತೆಯ ಒಂದು ಓಟದ) ಕಾವು ಆರುವ ಮೊದಲೇ ಸಾಲಿನಲ್ಲಿ ನಿಂತು ಕಾಯುವುದು, ಇವೆಲ್ಲ ಕಾರಿನ ಮೇಲೆ ಬೀಳುತ್ತವೆ.

ನನ್ನ ಅನುಭವದಲ್ಲಿ ಈ ಕಾರಿನ ದೋಷ ಹಿಡಿಯಲು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಒಂದೇ ಪ್ರಶ್ನೆ: "ಯಾವಾಗ ಆಯಿತು?" ನಿಂತಾಗಲೋ ವೇಗದಲ್ಲೋ, ಪೆಡಲನ್ನು ಮೊದಲ ಸಲ ಒತ್ತಿದಾಗಲೋ ಎರಡನೇ ಸಲವೋ, ನೇರ ರಸ್ತೆಯಲ್ಲೋ ಉದ್ದನೆಯ ತಿರುವಿನಲ್ಲೋ. ಸ್ಟೇಜುಗಳ ನಡುವೆ ರಿಪೇರಿ ಮಾಡುವ ಜಾಗವಾದ ಸರ್ವಿಸ್ ಪಾರ್ಕ್‌ಗೆ ಬಂದ ಕೂಡಲೇ ಬಾನೆಟ್ ಎತ್ತಬೇಡಿ. ಮೊದಲು ಡ್ರೈವರ್ ಮತ್ತು ಪಕ್ಕ ಕೂತು ದಾರಿ ಓದಿ ಹೇಳುವ ಕೋ-ಡ್ರೈವರ್ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಕೋ-ಡ್ರೈವರ್ ಮೀಟರ್ ನೋಡಿರುತ್ತಾರೆ, ಡ್ರೈವರ್‌ಗೆ ಕಾಲಿನಡಿ ಆದದ್ದು ಗೊತ್ತಿರುತ್ತದೆ.

ಯಾವ ಲಕ್ಷಣವಿದ್ದರೂ ಮೊದಲು ಇದು

ಈ ಕಾರು ತನ್ನ ದೋಷದ ಕೋಡುಗಳನ್ನು ತಾನೇ ತೋರಿಸುತ್ತದೆ, ಸ್ಕ್ಯಾನರ್ ಬೇಕಿಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಪರದೆಯ ಮೇಲಿರುವ ಸಂದೇಶಗಳನ್ನು ರೀಸೆಟ್ ಗುಂಡಿಯಿಂದ ತೆಗೆಯಿರಿ. ಆಪ್ಷನ್ಸ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಫ್ಯೂಯಲ್ ಗುಂಡಿಯನ್ನು ನಾಲ್ಕು ಸಲ ಒತ್ತಿ. ಕೋಡುಗಳು ಒಂದರ ಹಿಂದೆ ಒಂದು ಬರುತ್ತವೆ. 10 ಎಂಬ ಸಂಖ್ಯೆಯಡಿ ಬಂದರೆ ಇಂಜಿನ್ ಕಂಪ್ಯೂಟರಿನದು, 28 ಆದರೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಮತ್ತು ಟ್ರ್ಯಾಕ್ಷನ್‌ನದು. ಕೋಡಿನ ಕೊನೆಯಲ್ಲಿ ಸಿ ಇದ್ದರೆ ದೋಷ ಈಗಲೂ ಇದೆ, ಎಚ್ ಇದ್ದರೆ ಹಿಂದೆ ಬಂದುಹೋಗಿದೆ. ಕೋಡು ಅಳಿಸುವ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ ಅಥವಾ ಫೋನಿನಲ್ಲಿ ಫೋಟೊ ತೆಗೆಯಿರಿ. ಅವಸರದಲ್ಲಿ ಅಳಿಸಿಬಿಟ್ಟರೆ ಮುಂದಿನ ಸ್ಟೇಜಿನವರೆಗೂ ಸುಳಿವು ಸಿಗುವುದಿಲ್ಲ.

ಕಾರು ಎತ್ತುವ ಬಗ್ಗೆ ಒಂದು ಮಾತು. ಬಾಡಿ ಪೂರ್ತಿ ಪ್ಲಾಸ್ಟಿಕ್ ಜಾತಿಯದು. ಬಾಗಿಲಿನಡಿಯ ಅಂಚಾದ ಸಿಲ್‌ಗೆ ಜಾಕಿ ಕೊಟ್ಟರೆ ಒಡೆಯುತ್ತದೆ. ಚಾಸಿಯಲ್ಲಿ ಜಾಕಿಗೆಂದೇ ಇರುವ ನಾಲ್ಕು ಉದ್ದನೆಯ ತೂತುಗಳಿಗೆ ಪಕ್ (ಜಾಕಿಗೆ ಆಧಾರವಾಗುವ ಬಿಲ್ಲೆ) ಸಿಕ್ಕಿಸಿ, ಅಲ್ಲೇ ಎತ್ತಿ. ಎಷ್ಟೇ ಅವಸರವಿರಲಿ, ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಸ್ಟ್ಯಾಂಡ್ ಇಟ್ಟ ಮೇಲೆಯೇ.

ಬ್ರೇಕ್ ಮೊದಲಿನಂತಿಲ್ಲ

ಡ್ರೈವರ್ "ಬ್ರೇಕ್ ಹೋಯಿತು" ಎಂದಾಗ ಅದರೊಳಗೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಪೆಡಲ್ ಹೇಗಿತ್ತು ಎಂದು ಬಿಡಿಸಿ ಕೇಳಿ.

ಮೊದಲ ಸಲ ಒತ್ತಿದಾಗ ಪೆಡಲ್ ಆಳಕ್ಕೆ ಹೋಗಿ, ಎರಡನೇ ಸಲಕ್ಕೆ ಗಟ್ಟಿಯಾಗಿ ಸಿಕ್ಕಿತೇ? ಹಾಗಾದರೆ ಬ್ರೇಕ್ ಆಯಿಲ್ ಚೆನ್ನಾಗಿಯೇ ಇದೆ. ಜೋರು ತಿರುವಿನಲ್ಲಿ ಅಥವಾ ಉಬ್ಬಿನ ಮೇಲೆ ಹಬ್ (ಚಕ್ರ ಕೂರುವ ತಿರುಗುವ ಭಾಗ) ಅಲುಗಿ, ಡಿಸ್ಕ್ ವಾಲಿ, ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿದೆ. ಇದನ್ನು ನಾಕ್‌ಬ್ಯಾಕ್ ಎನ್ನುತ್ತಾರೆ. ತಿರುವಿಗೆ ಮೊದಲು ನೇರ ರಸ್ತೆಯಲ್ಲೇ ಎಡಗಾಲಿನಿಂದ ಪೆಡಲನ್ನು ಹಗುರವಾಗಿ ತಟ್ಟಿದರೆ ಪ್ಯಾಡ್ ಮತ್ತೆ ಡಿಸ್ಕ್‌ಗೆ ತಾಗಿ ನಿಲ್ಲುತ್ತದೆ. ಸ್ವಲ್ಪ ಮಟ್ಟಿನ ನಾಕ್‌ಬ್ಯಾಕ್ ಈ ಕಾರಿನಲ್ಲಿ ಇದ್ದದ್ದೇ. ಆದರೆ ನಿನ್ನೆ ಇಲ್ಲದ್ದು ಇವತ್ತು ಹೆಚ್ಚಾಗಿದ್ದರೆ ಹಬ್ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ. ಅದರ ಪರೀಕ್ಷೆ ಕೆಳಗಿದೆ.

ಎಷ್ಟು ಸಲ ಒತ್ತಿದರೂ ಪೆಡಲ್ ಸ್ಪಂಜಿನಂತೆ ಮೆತ್ತಗೇ ಇದ್ದು, ಕಾರು ತಣ್ಣಗಾದ ಮೇಲೆ ಅರ್ಧಂಬರ್ಧ ಸರಿಹೋಯಿತೇ? ಆಯಿಲ್ ಕುದಿದು ಒಳಗೆ ಗುಳ್ಳೆಯಾಗಿದೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ರೇಸಿಂಗ್ ಆಯಿಲ್‌ಗಳು 300 ಡಿಗ್ರಿ ದಾಟುತ್ತವೆ, ಆದರೆ ಅವೂ ತೇವ ಹೀರುತ್ತವೆ. ಸರ್ವಿಸ್‌ನಲ್ಲಿ ನಾಲ್ಕೂ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಏರ್ ತೆಗೆದು ಹೊಸ ಆಯಿಲ್ ಹಾಕಿ. ಡಬ್ಬಿ ಅಂದೇ ಒಡೆದದ್ದಾಗಿರಲಿ. ಏರ್ ತೆಗೆದ ಮೇಲೂ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಸೋರುತ್ತಿದೆ. ಆ ಕಾರು ಮುಂದಿನ ಸ್ಟೇಜಿಗೆ ಹೋಗಬಾರದು.

ಪೆಡಲ್ ಗಟ್ಟಿಯಾಗಿಯೇ ಇದೆ, ಸುಟ್ಟ ವಾಸನೆ ಬರುತ್ತಿದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ ಎಂದರೆ ಕಾದದ್ದು ಆಯಿಲ್ ಅಲ್ಲ, ಪ್ಯಾಡ್. ಪ್ಯಾಡನ್ನು ಹೊರತೆಗೆದು ಎರಡೂ ತುದಿಯ ದಪ್ಪ ಅಳೆಯಿರಿ. ಮುಂದಿನ ಕ್ಯಾಲಿಪರ್ ಎರಡು ಪಿಸ್ಟನ್ನಿನ, ಜಾರುವ ಬಗೆಯದು. ಕಾವಿನಲ್ಲಿ ಅದು ಬಾಯಿ ಬಿಟ್ಟಂತಾಗಿ ಪ್ಯಾಡನ್ನು ಓರೆಯಾಗಿ ಸವೆಸುತ್ತದೆ. ಓರೆ ಎದ್ದು ಕಾಣುವಷ್ಟಿದ್ದರೆ ಪ್ಯಾಡ್ ಬದಲಿಸಿ, ಗೈಡ್ ಪಿನ್ನುಗಳನ್ನು ಒರೆಸಿ ಗ್ರೀಸ್ ಹಾಕಿ. ಜೊತೆಗೆ 325 ಮಿ.ಮೀ. ಡಿಸ್ಕಿನ ಮೇಲೆ ಬೆರಳಾಡಿಸಿ ನೋಡಿ, ತಣ್ಣಗಾದ ಮೇಲೆ. ಕೂದಲೆಳೆಯಂಥ ಗೀರುಗಳು ಕಾವಿನಿಂದ ಬರುವಂಥವು, ಇರಲಿ. ಬಿರುಕು ಡಿಸ್ಕಿನ ಅಂಚು ಮುಟ್ಟಿದ್ದರೆ, ಅಥವಾ ಉಗುರು ಸಿಕ್ಕಿಕೊಳ್ಳುವಷ್ಟು ಅಗಲವಾಗಿದ್ದರೆ ಆ ಡಿಸ್ಕ್ ತೆಗೆದುಹಾಕಿ.

ನಾಲ್ಕನೆಯದನ್ನು ಹೊಸಬರು ಗುರುತಿಸುವುದೇ ಇಲ್ಲ. ಉಬ್ಬಿನ ಮೇಲೆಯೇ ಬ್ರೇಕ್ ಜೋರಾಗಿ ಒತ್ತಿದಾಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಾರು ಜಾರಿಕೊಂಡು ಹೋದಂತೆ ಮುಂದೆ ಸಾಗುತ್ತದೆ. ಒಂದೆರಡು ಕ್ಷಣದಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಹಿಡಿಯುತ್ತದೆ. ಆಮೇಲೆ ಎಷ್ಟು ಹುಡುಕಿದರೂ ದೋಷ ಸಿಗುವುದಿಲ್ಲ, ಕೋಡು ಸಹ ಇರುವುದಿಲ್ಲ. ಇದು ಎಬಿಎಸ್ ಮಾಡುವ ಕೆಲಸ. ಚಕ್ರ ರಸ್ತೆಯಿಂದ ಹಗುರಾದ ಗಳಿಗೆಯಲ್ಲಿ ಥಟ್ಟನೆ ಲಾಕ್ ಆದದ್ದನ್ನು ಕಂಡು, ಕಾರು ಹಿಮದ ಮೇಲಿದೆ ಎಂದುಕೊಂಡು ಒತ್ತಡ ಬಿಟ್ಟುಬಿಡುತ್ತದೆ. ಡ್ರೈವರುಗಳು ಇದನ್ನು ಐಸ್ ಮೋಡ್ ಎನ್ನುತ್ತಾರೆ. ಸರ್ಕ್ಯೂಟ್‌ನಲ್ಲಿ ಅಪರೂಪ, ಹಳ್ಳಿ ರಸ್ತೆಯಲ್ಲಿ ಯಾವಾಗ ಬೇಕಾದರೂ ಬರಬಹುದು. ಆ ಗಳಿಗೆಯಲ್ಲಿ ಪೆಡಲನ್ನು ಪೂರ್ತಿ ಬಿಟ್ಟು ಮತ್ತೆ ಒತ್ತಬೇಕು. ಇನ್ನೂ ಒತ್ತಿ ಹಿಡಿದರೆ ಪ್ರಯೋಜನವಿಲ್ಲ. ಶಾಶ್ವತ ಪರಿಹಾರ ಕೋ-ಡ್ರೈವರ್ ಓದಿ ಹೇಳುವ ದಾರಿಯ ಟಿಪ್ಪಣಿ, ಅಂದರೆ ಪೇಸ್ ನೋಟ್ಸ್‌ನಲ್ಲಿದೆ: ಬ್ರೇಕ್ ಹಿಡಿಯುವ ಜಾಗದಲ್ಲಿ ಉಬ್ಬಿದ್ದರೆ ಅದನ್ನು ಬರೆದುಕೊಂಡು, ಉಬ್ಬಿಗೆ ಮೊದಲೇ ಬ್ರೇಕನ್ನು ಹದವಾಗಿ ಹಿಡಿಯಿರಿ.

ಸ್ಟೇಜ್ ಮುಗಿದ ಕೂಡಲೇ ಸಮಯ ಬರೆಸುವ ಜಾಗವಾದ ಕಂಟ್ರೋಲ್‌ನಲ್ಲಿ ಪೆಡಲ್ ಒತ್ತಿಕೊಂಡೇ ನಿಲ್ಲಬೇಡಿ, ಹ್ಯಾಂಡ್‌ಬ್ರೇಕ್ ಸಹ ಎಳೆಯಬೇಡಿ. ಕಾದ ಡಿಸ್ಕ್ ಒಂದೇ ಜಾಗದಲ್ಲಿ ಪ್ಯಾಡಿಗೆ ಒತ್ತಿಕೊಂಡರೆ ಅಲ್ಲಿ ಪ್ಯಾಡಿನ ಪದರ ಅಂಟಿ, ಆಮೇಲೆ ಸ್ಟೀರಿಂಗ್ ನಡುಗುತ್ತದೆ. ಗೇರಿನಲ್ಲಿ ನಿಲ್ಲಿಸಿ ಅಥವಾ ಚಕ್ರಕ್ಕೆ ಅಡ್ಡ ಕೊಡಿ.

ಟೆಂಪರೇಚರ್ ಏರುತ್ತಿದೆ

ವೇಗದಲ್ಲಿ ಏರುತ್ತದೆಯೋ, ಸಾಲಿನಲ್ಲಿ ನಿಂತಾಗಲೋ?

ವೇಗದಲ್ಲಿ ಏರಿದರೆ ಮೊಣಕಾಲೂರಿ ಮೂತಿಯ ಕೆಳಗೆ ನೋಡಿ. ಈ ಕಾರಿಗೆ ಮುಂದೆ ದೊಡ್ಡ ಜಾಲರಿಯಿಲ್ಲ, ಗಾಳಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಮೂತಿಯಡಿ ನೇತಾಡುವ ಪ್ಲಾಸ್ಟಿಕ್ ಏರ್ ಡ್ಯಾಮ್ ಆ ಗಾಳಿಯನ್ನು ರೇಡಿಯೇಟರಿಗೆ ತಿರುಗಿಸುತ್ತದೆ. ಒಂದು ಉಬ್ಬಿಗೆ ಅದು ಕಿತ್ತುಹೋದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಕಾವು ಏರಿಯೇ ಏರುತ್ತದೆ. ಅಗ್ಗದ ಸಾಮಾನು, ಬಿಡಿಯಾಗಿ ಒಂದು ಸೆಟ್ ವ್ಯಾನಿನಲ್ಲಿರಲಿ. ಅದು ಸರಿಯಿದ್ದರೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿ. ಟಾಸ್ಮೇನಿಯಾದ ಸ್ಪರ್ಧೆ ಅಲ್ಲಿನ ಶರತ್ಕಾಲದಲ್ಲಿ, ಏಪ್ರಿಲ್ ಹೊತ್ತಿಗೆ ನಡೆಯುತ್ತಿತ್ತು. ಸೆಥಾನಾದಂಥ ಕಾಡಿನ ಸ್ಟೇಜ್ ಮುಗಿಸಿ ಬಂದ ಕಾರಿನ ಆ ಸಂದಿಯಲ್ಲಿ ಎಲೆ, ಹುಲ್ಲು, ಪ್ಲಾಸ್ಟಿಕ್ ಚೂರು ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ರೇಡಿಯೇಟರ್ ಶುಚಿಯಾಗಿಯೇ ಕಾಣುತ್ತದೆ. ಮೇಲಿನ ಶ್ರೌಡ್ (ರೇಡಿಯೇಟರಿನ ಹೊದಿಕೆ) ಸಡಿಲಿಸಿ, ಕೈಯಿಂದ ತೆಗೆದು, ನಿಧಾನವಾಗಿ ನೀರು ಬಿಡಿ. ಜೋರು ಪ್ರೆಷರಿನಲ್ಲಿ ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನಿಂತಾಗ ಏರಿ, ಓಡುವಾಗ ಇಳಿದರೆ ಅನುಮಾನ ಫ್ಯಾನಿನ ಮೇಲೆ. ಕಾರ್ಖಾನೆಯ ಸೆಟ್ಟಿಂಗಿನಲ್ಲಿ ಫ್ಯಾನ್ ಸುಮಾರು 108 ಡಿಗ್ರಿಯಲ್ಲಿ ನಿಧಾನವಾಗಿ, 113ರ ಹತ್ತಿರ ಜೋರಾಗಿ ತಿರುಗುತ್ತದೆ. ಆದ್ದರಿಂದ 105 ಕಂಡು ಗಾಬರಿಯಾಗಬೇಡಿ. ಎಸಿ ಆನ್ ಮಾಡಿ ನೋಡಿ. ಆಗಲೂ ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಆಮೇಲೆ ಮೋಟಾರ್, ಈ ಕ್ರಮದಲ್ಲಿ ಹೋಗಿ.

ಎರಡೂ ಹೊತ್ತಿನಲ್ಲಿ ಏರುತ್ತಿದ್ದು, ಕೂಲೆಂಟ್ ಕಡಿಮೆಯಾಗುತ್ತಿದ್ದು, ಹೊರಗೆ ಎಲ್ಲೂ ಹನಿ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನಡಿಯ ಸೀಲು) ಹೋಗಿದೆಯೇ ಎಂದು ಯೋಚನೆ ಮಾಡಬೇಕು. ಇಂಜಿನ್ ಆಫ್ ಮಾಡಿ, ಟ್ರೇಲರ್ ಕರೆಸಿ. ಬಿಸಿಯಿರುವ ಟ್ಯಾಂಕಿನ ಮುಚ್ಚಳ ಮಾತ್ರ ತೆರೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೆ ಎರಚಿದರೆ ಕಣ್ಣೇ ಹೋಗಬಹುದು.

ತಿರುವಿನಲ್ಲಿ ಆಯಿಲ್ ಪ್ರೆಷರ್ ಬೀಳುತ್ತದೆ

ಮೊದಲು ಡಿಪ್‌ಸ್ಟಿಕ್. ಎಲ್‌ಎಸ್6, ಅದರಲ್ಲೂ 2001ರ ಇಂಜಿನ್, ಹೆಚ್ಚು ಆರ್‌ಪಿಎಂನಲ್ಲಿ ಆಯಿಲ್ ಕುಡಿಯುವುದಕ್ಕೆ ಹೆಸರಾದದ್ದು. ಪ್ರತಿ ಸರ್ವಿಸ್‌ನಲ್ಲೂ ನೋಡಲೇಬೇಕು. ಸ್ಪರ್ಧೆಗೆ ಇಳಿಯುವವರು ಪೂರ್ಣ ಗೆರೆಯ ಮೇಲೆ ಸುಮಾರು ಒಂದು ಲೀಟರ್ ಹೆಚ್ಚಿಗೆ ಹಾಕುವುದು ರೂಢಿ. ಕಾರಣ ಸರಳ: ಆಯಿಲ್ ಪ್ಯಾನಿಗೆ ಎರಡೂ ಪಕ್ಕ ರೆಕ್ಕೆಯಂಥ ಚಾಚುಗಳಿವೆ. ಅಂಟು ಟೈರಿನಲ್ಲಿ ಉದ್ದನೆಯ ತಿರುವು ಹಿಡಿದಾಗ ಆಯಿಲ್ ಒಂದು ರೆಕ್ಕೆಗೆ ಓಡಿ, ಹೀರುವ ಕೊಳವೆಗೆ ಗಾಳಿ ಸಿಗುತ್ತದೆ.

ತಿರುವಿನಲ್ಲಿ ಮಾತ್ರ ಮುಳ್ಳು ಬಿದ್ದು ನೇರಕ್ಕೆ ಬಂದಾಗ ಏರಿದರೆ ಇದೇ ಕಾರಣ. ಮಟ್ಟ ತುಂಬಿಸಿ, ಡ್ರೈವರ್‌ಗೆ ಆ ಬಗೆಯ ತಿರುವಿನಲ್ಲಿ ಒಂದು ಗೇರ್ ಮೇಲೆ ಇಡಲು ಹೇಳಿ. ಆದರೂ ಬಿದ್ದರೆ ಅಕ್ಯೂಸಂಪ್ (ಒತ್ತಡದಲ್ಲಿ ಆಯಿಲ್ ಕೂಡಿಟ್ಟು ಕೊಡುವ ಟ್ಯಾಂಕು) ಅಥವಾ ಡ್ರೈ ಸಂಪ್ (ಆಯಿಲನ್ನು ಪ್ಯಾನಿನ ಬದಲು ಬೇರೆ ಟ್ಯಾಂಕಿನಲ್ಲಿಡುವ ವ್ಯವಸ್ಥೆ) ಇಲ್ಲದೆ ಆ ಇಂಜಿನನ್ನು ಜೋರಾಗಿ ಓಡಿಸಬಾರದು. ನೇರ ರಸ್ತೆಯಲ್ಲೂ ಕಡಿಮೆಯಿದ್ದರೆ ವಿಷಯ ಬೇರೆ. ಬಿಸಿ ಇಂಜಿನ್ 4000 ಆರ್‌ಪಿಎಂನಲ್ಲಿ ಕನಿಷ್ಠ 24 ಪಿಎಸ್‌ಐ ತೋರಿಸಬೇಕು.

ಮುಳ್ಳು ಒಮ್ಮೆಲೇ ಸೊನ್ನೆಗೆ ಅಥವಾ ತುತ್ತತುದಿಗೆ ಹೋಗಿ ಅಲ್ಲೇ ನಿಂತಿದ್ದರೆ ಸೆನ್ಸರ್ ಸತ್ತಿರುವ ಸಾಧ್ಯತೆಯೇ ಹೆಚ್ಚು; ಈ ಕಾರಿನಲ್ಲಿ ಅದು ಸಾಮಾನ್ಯ. ಪಿ0522 ಅಥವಾ ಪಿ0523 ಕೋಡು ಅದನ್ನೇ ಹೇಳುತ್ತದೆ. ಹಾಗೆಂದು ನಂಬಿ ಓಡಿಸಬೇಡಿ. ಇಂಜಿನ್ ನಿಲ್ಲಿಸಿ, ಮಟ್ಟ ನೋಡಿ, ಕೈಮೀಟರ್ ಕಟ್ಟಿ ಅಳೆದ ಮೇಲೆಯೇ ತೀರ್ಮಾನ. ಟ್ಯಾಪೆಟ್ ಸದ್ದೋ ಕೆಳಗಿನಿಂದ ಗುದ್ದಿದಂಥ ಸದ್ದೋ ಜೊತೆಗಿದ್ದರೆ ಅಂದಿನ ಸ್ಪರ್ಧೆ ಅಲ್ಲಿಗೇ ಮುಗಿಯಿತು.

ಕ್ಲಚ್ ಪೆಡಲ್ ಕೆಳಗೇ ಉಳಿಯುತ್ತದೆ

6000 ಆರ್‌ಪಿಎಂ ದಾಟಿಸಿ ಗೇರ್ ಬದಲಿಸುವಾಗ ಪೆಡಲ್ ನೆಲಕ್ಕಂಟಿ, ಎರಡು ಕ್ಷಣದ ಮೇಲೆ ನಿಧಾನವಾಗಿ ಮೇಲೆ ಬರುತ್ತದೆ. ಬಹಳ ಮಂದಿ ಕೂಡಲೇ ಹೊಸ ಕ್ಲಚ್ ಸೆಟ್ ತರಿಸುತ್ತಾರೆ. ಮೊದಲು ಕ್ಲಚ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿ. ಕಪ್ಪಗೆ, ಕೆಸರಿನಂತಿದ್ದರೆ ಕ್ಲಚ್ ಧೂಳು ಸೀಲಿನ ಮೂಲಕ ಒಳಸೇರಿದೆ. ಸಿರಿಂಜಿನಿಂದ ಹೀರಿ ತೆಗೆದು, ಹೊಸ ಡಾಟ್ 4 ತುಂಬಿಸಿ, ಪೆಡಲನ್ನು ಇಪ್ಪತ್ತು ಮೂವತ್ತು ಸಲ ಒತ್ತಿ, ಮತ್ತೆ ಹೀರಿ. ಬಣ್ಣ ತಿಳಿಯಾಗುವವರೆಗೆ ಇದನ್ನೇ ಮಾಡಿ. ಡಬ್ಬಿ ಪೂರ್ತಿ ಬರಿದಾಗಿರುವಾಗ ಪೆಡಲ್ ಒತ್ತಬೇಡಿ, ಗಾಳಿ ಒಳಗೆ ಹೋಗುತ್ತದೆ. ಬಣ್ಣದ ಬಾಡಿಗೆ ಹನಿ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಮಟ್ಟ ಇಳಿಯುತ್ತಲೇ ಇದ್ದು, ಕ್ಲಚ್ಚಿನ ಹೊರಕವಚವಾದ ಬೆಲ್ ಹೌಸಿಂಗ್ ಕೆಳಗೆ ಒದ್ದೆ ಕಂಡರೆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಒಳಗಿನ ಸ್ಲೇವ್ ಸಿಲಿಂಡರ್ ಸೋರುತ್ತಿದೆ. ಅದನ್ನು ತಲುಪಲು ಸೈಲೆನ್ಸರ್, ಹಿಂದಿನ ಸಸ್ಪೆನ್ಷನ್ ಕ್ರೇಡಲ್, ಗೇರ್‌ಬಾಕ್ಸ್, ಟಾರ್ಕ್ ಟ್ಯೂಬ್ ಎಲ್ಲವೂ ಇಳಿಯಬೇಕು. ಸರ್ವಿಸ್ ಪಾರ್ಕಿನಲ್ಲಿ ಮಾಡುವ ಕೆಲಸವಲ್ಲ. ಒಮ್ಮೆ ಇಳಿಸಿದ ಮೇಲೆ ಟಾರ್ಕ್ ಟ್ಯೂಬಿನ ರಬ್ಬರ್ ಕಪ್ಲಿಂಗ್, ಬೇರಿಂಗ್, ಕ್ಲಚ್ ಪ್ಲೇಟ್ ಎಲ್ಲವನ್ನೂ ನೋಡಿಯೇ ಮುಚ್ಚಿ.

ಇಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ

ಉದ್ದ ತಿರುವಿನಲ್ಲಿ ಮಾತ್ರ ಕೆಮ್ಮಿದಂತಾದರೆ ಮೊದಲು ಪೆಟ್ರೋಲ್ ಎಷ್ಟಿದೆ ನೋಡಿ. ಟ್ಯಾಂಕುಗಳು ಎರಡು, ಎಡಕ್ಕೊಂದು ಬಲಕ್ಕೊಂದು. ಪಂಪ್ ಇರುವುದು ಎಡ ಟ್ಯಾಂಕಿನಲ್ಲಿ. ಬಲದ್ದು ಅಲ್ಲಿಗೆ ಹರಿದುಬರಬೇಕು. ಕಾಲು ಟ್ಯಾಂಕಿಗಿಂತ ಕೆಳಗಿದ್ದಾಗ ಕೆಮ್ಮುವುದು ಸಹಜ. ಪೆಟ್ರೋಲ್ ಮೀಟರನ್ನೂ ಪೂರ್ತಿ ನಂಬಬೇಡಿ, ಅದರ ಸೆನ್ಸರ್ ಮೇಲೆ ಗಂಧಕ ಕೂತು ಸುಳ್ಳು ತೋರಿಸುವುದು ಈ ಕಾರಿನ ಹಳೇ ಕಾಯಿಲೆ. ಹಾಕಿದ ಲೀಟರ್ ಲೆಕ್ಕ ಬರೆದಿಟ್ಟುಕೊಳ್ಳಿ. ತುಂಬಿದ ಟ್ಯಾಂಕಿನಲ್ಲೂ ಜೋರು ಆಕ್ಸಿಲರೇಟರ್‌ಗೆ ಸತ್ತಂತಾದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲಿನಲ್ಲಿ ಪ್ರೆಷರ್ ಅಳೆಯಿರಿ, 58 ಪಿಎಸ್‌ಐ ಆಸುಪಾಸು ಇರಬೇಕು. ಕಾದ ಸೈಲೆನ್ಸರ್ ಪೈಪಿನ ಹತ್ತಿರ ಆ ಕೆಲಸ ಬೇಡ. ತಣ್ಣಗಾಗಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರಲಿ.

ನೇರದಲ್ಲೂ ತಿರುವಿನಲ್ಲೂ ಒಂದೇ ಸಮ ಮಿಸ್ಸಿಂಗ್ ಇದ್ದು, ಪಿ0301ರಿಂದ ಪಿ0308ರೊಳಗಿನ ಕೋಡು ಬಂದಿದ್ದರೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಬೆಸ ಸಂಖ್ಯೆಯವು ಡ್ರೈವರ್ ದಿಕ್ಕಿನಂತೆ ಎಡಕ್ಕೆ, ಸಮ ಸಂಖ್ಯೆಯವು ಬಲಕ್ಕೆ. ಆ ಪ್ಲಗ್ಗಿನ ವೈರ್ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿ ಸುಟ್ಟಿದೆಯೇ ನೋಡಿ, ಬಹಳ ಸಲ ಅಷ್ಟೇ ಇರುತ್ತದೆ. ಇಲ್ಲವಾದರೆ ಕಿಡಿ ಹುಟ್ಟಿಸುವ ಆ ಕಾಯಿಲನ್ನು ಬೇರೆ ಸಿಲಿಂಡರಿನದರ ಜೊತೆ ಅದಲು ಬದಲು ಮಾಡಿ. ದೋಷ ಕಾಯಿಲಿನ ಹಿಂದೆ ಹೋದರೆ ಕಾಯಿಲ್ ಸತ್ತಿದೆ.

ಹೋಗದಿದ್ದರೆ, ಜೊತೆಗೆ ಟಕ್ ಟಕ್ ಸದ್ದಿದ್ದರೆ, ಮತ್ತೆ ಆಕ್ಸಿಲರೇಟರ್ ತುಳಿಯಬೇಡಿ. 2002ರ ಸುಮಾರಿನ ಕಾರುಗಳಲ್ಲಿ ವಾಲ್ವ್ ಸ್ಪ್ರಿಂಗ್ ಮುರಿಯುವುದುಂಟು. ಮುರಿದ ಸ್ಪ್ರಿಂಗ್ ಒಂದು ಸಣ್ಣ ರಿಪೇರಿ. ಅದನ್ನೇ ಇಟ್ಟುಕೊಂಡು ಓಡಿಸಿ ವಾಲ್ವ್ ಒಳಗೆ ಬಿದ್ದರೆ ಇಡೀ ಇಂಜಿನ್ ಹೋಗುತ್ತದೆ.

ಗುಂಯ್‌ಗುಡುವ ಸದ್ದು, ನಡುಕ, ಎಬಿಎಸ್ ದೀಪ

ಮೊದಲು ಚಕ್ರದ ನಟ್ಟುಗಳು: ಬಿಗಿಯ ಅಳತೆ (ಟಾರ್ಕ್) 140 ನ್ಯೂಟನ್ ಮೀಟರ್. ಆಮೇಲೆ ರಿಮ್ಮಿನ ಒಳಬದಿ. ಅಲ್ಲಿ ಮೆತ್ತಿದ ಕೆಸರೂ ಕಾರನ್ನು ನಡುಗಿಸುತ್ತದೆ, ಬಾಗಿದ ರಿಮ್ಮೂ ನಡುಗಿಸುತ್ತದೆ. ಎರಡೂ ಸರಿಯಿದ್ದರೆ ಹಬ್. ಎಡಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಾದರೆ ಬಲದ ಹಬ್ಬನ್ನು, ಬಲಕ್ಕೆ ತಿರುಗಿಸಿದಾಗ ಹೆಚ್ಚಾದರೆ ಎಡದ್ದನ್ನು ಅನುಮಾನಿಸಿ, ಏಕೆಂದರೆ ಭಾರ ಬೀಳುವುದು ಹೊರಬದಿಗೆ. ಕಾರು ಎತ್ತಿ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗುವುದು ಕೈಗೆ ತಿಳಿದರೆ ಹಬ್ ಬದಲಿಸಲೇಬೇಕು. ವೇಗ ಅಳೆಯುವ ಎಬಿಎಸ್ ಸೆನ್ಸರ್ ಆ ಹಬ್ಬಿನೊಳಗೇ ಇರುವುದರಿಂದ ದೀಪವೂ ಜೊತೆಗೆ ಹೊತ್ತಿಕೊಳ್ಳುತ್ತದೆ. ಸಿ1221 ಎಡ ಮುಂದಿನದು, ಸಿ1222 ಬಲ ಮುಂದಿನದು, ಸಿ1223 ಎಡ ಹಿಂದಿನದು, ಸಿ1224 ಬಲ ಹಿಂದಿನದು. ಹಬ್ ಗಟ್ಟಿಯಾಗಿದ್ದೂ ಕೋಡು ಬರುತ್ತಿದ್ದರೆ ಕನೆಕ್ಟರ್ ಮತ್ತು ವೈರ್ ನೋಡಿ, ಜಲ್ಲಿ ಏಟಿಗೆ ತುಂಡಾಗಿರುತ್ತದೆ. ಸಿ1214 ಬಂದರೆ ಎಬಿಎಸ್ ಕಂಪ್ಯೂಟರಿನ ಒಳಗಿನ ದೋಷ. ಅದು ಅನುಭವಿ ಎಲೆಕ್ಟ್ರಾನಿಕ್ಸ್ ರಿಪೇರಿಯವರ ಕೆಲಸ.

ಇಂಜಿನ್ ಮುಂಭಾಗದಿಂದ ಕಿರ್ ಸದ್ದು ಬಂದು ಬೆಲ್ಟಿನ ಹತ್ತಿರ ರಬ್ಬರ್ ಪುಡಿ ಕಂಡರೆ, ಇಂಜಿನ್ ಓಡುವಾಗ ಕೈಯನ್ನು ದೂರವಿಟ್ಟು ಕ್ರ್ಯಾಂಕ್ ಪುಲ್ಲಿಯನ್ನು ಗಮನಿಸಿ. ವಾಲಾಡುತ್ತಿದ್ದರೆ ಅದರೊಳಗಿನ ರಬ್ಬರ್ ಬಿಟ್ಟಿದೆ. ಹಾಗೇ ಬಿಟ್ಟರೆ ಸ್ಟೀರಿಂಗ್ ರ‍್ಯಾಕಿಗೆ ಉಜ್ಜಲು ಶುರುಮಾಡುತ್ತದೆ. ಪವರ್ ಸ್ಟೀರಿಂಗ್ ಆಯಿಲ್ ಉಕ್ಕಿ ಹೊಗೆ ಬಂದರೆ ಮುಂದೆ ಹೋಗಬೇಡಿ. ಆ ಪಂಪ್ ಮ್ಯಾನಿಫೋಲ್ಡಿಗೆ ಹತ್ತಿರವಿದೆ, ಬೆಂಕಿ ಹತ್ತಲು ಹೊತ್ತು ಬೇಕಿಲ್ಲ. ಪರಿಹಾರ ದೊಡ್ಡದೇನಲ್ಲ, ಒಳ್ಳೆಯ ಆಯಿಲ್ ಮತ್ತು ಒಂದು ಕೂಲರ್.

ಟಾರ್ಗಾ ಟಾಸ್ಮೇನಿಯಾದಲ್ಲಿ 2021ರಲ್ಲಿ ಮೂವರು, 2022ರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಈ ರಸ್ತೆಗಳ ಪಕ್ಕ ಮರ, ಕಲ್ಲು, ಕಣಿವೆಗಳಿವೆ; ಜಾರಿದರೆ ಕಾರನ್ನು ತಡೆಯಲು ಸರ್ಕ್ಯೂಟಿನ ಹಾಗೆ ಖಾಲಿ ಬಯಲು ಇರುವುದಿಲ್ಲ. ಬ್ರೇಕ್, ಹಬ್, ಸ್ಟೀರಿಂಗ್ ಈ ಮೂರರಲ್ಲಿ ಅನುಮಾನ ಉಳಿದಿದ್ದರೆ ಮೆಕ್ಯಾನಿಕ್ ಕೀ ಕೊಡಬಾರದು. ಡ್ರೈವರ್ ಎಷ್ಟೇ ಕೇಳಿಕೊಂಡರೂ ಅಷ್ಟೇ.

ಮೀಟರ್ ಹುಚ್ಚೆದ್ದಿದೆ, ಕಾರು ಹೊರಡುವುದಿಲ್ಲ

ಸಂಬಂಧವೇ ಇಲ್ಲದ ಹಲವು ಎಚ್ಚರಿಕೆಗಳು ಒಟ್ಟಿಗೆ ಬಂದರೆ ಬಿಡಿಭಾಗ ಕೊಳ್ಳಲು ಹೋಗಬೇಡಿ. ಬ್ಯಾಟರಿ ವೋಲ್ಟೇಜ್ ನೋಡಿ, ಟರ್ಮಿನಲ್ ಬಿಗಿ ಮಾಡಿ, ಆಮೇಲೆ ಹೆಡ್‌ಲೈಟ್ ಕೆಳಗೆ ಚಾಸಿಗೆ ಕೂರಿಸಿರುವ ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ ಉಜ್ಜಿ. ಮಳೆಯ ಸ್ಟೇಜುಗಳ ನಂತರದ ತೊಂದರೆಗಳಲ್ಲಿ ಬಹಳಷ್ಟು ಅಲ್ಲೇ ಮುಗಿಯುತ್ತವೆ. ಬ್ಯಾಟರಿಯಡಿ ಬಿಳಿ ಪುಡಿ ಕಂಡರೆ ಆ್ಯಸಿಡ್ ಸೋರಿದೆ ಎಂದರ್ಥ. ಕೆಳಗೇ ವೈರಿಂಗ್ ಮತ್ತು ಇಂಜಿನ್ ಕಂಪ್ಯೂಟರ್ ಇವೆ. ಅಡುಗೆ ಸೋಡಾ ನೀರಿನಲ್ಲಿ ಒರೆಸಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ.

"ಕೀ ತೆಗೆದು 10 ಸೆಕೆಂಡ್ ಕಾಯಿರಿ" ಎಂಬ ಸಂದೇಶ ಬಂದರೆ ಸ್ಟೀರಿಂಗ್ ಕಾಲಂ ಲಾಕ್ ಬಿಟ್ಟುಕೊಂಡಿಲ್ಲ. ಅದು ಹೇಳಿದಂತೆಯೇ ಮಾಡಿ, ಸ್ಟೀರಿಂಗನ್ನು ಸ್ವಲ್ಪ ಅತ್ತಿತ್ತ ಅಲುಗಿಸಿ ಮತ್ತೆ ಪ್ರಯತ್ನಿಸಿ. ಬ್ಯಾಟರಿ ದುರ್ಬಲವಾಗಿದ್ದಾಗ ಇದು ಹೆಚ್ಚು. ಸಂದೇಶ ಇರುವಾಗಲೇ ಕಾರನ್ನು ಹೊರಡಿಸಲು ನೋಡಿದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಸ್ಪರ್ಧೆಯ ನಿಯಮ ಒಪ್ಪಿದರೆ ಈ ಲಾಕನ್ನು ಗ್ಯಾರೇಜಿನಲ್ಲೇ ತೆಗೆಸಿ, ಬೈಪಾಸ್ ಹಾಕಿಸಿಕೊಂಡೇ ರ‍್ಯಾಲಿಗೆ ಹೊರಡಿ.